ಗುಲಾಬಿ ಬೋಳಾಗುತ್ತಿದೆಯೇ? ಮದ್ದಿಗೆ ಮೊದಲು ಎಲೆ ಮಗುಚಿ ನೋಡಿ

ಆರಿದ್ರಾ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಉತ್ತರ ಕನ್ನಡದ ಶಿರಸಿ ಸೀಮೆಯ ಅಂಗಳಗಳಲ್ಲಿ ಒಂದೇ ದೂರು: ಗುಲಾಬಿ ಬೋಳಾಯಿತು. ಮೇ ತಿಂಗಳಲ್ಲಿ ದೇವರ ಪೂಜೆಗೂ ಮುಡಿಗೂ ಸಾಲುವಷ್ಟು ಹೂ ಕೊಟ್ಟ ಗಿಡ ಜುಲೈಯಲ್ಲಿ ಬರೀ ಮುಳ್ಳುಕಡ್ಡಿಯಾಗಿ ನಿಂತಿರುತ್ತದೆ. ತುದಿಯಲ್ಲಿ ನಾಲ್ಕೆಲೆ, ಬುಡದಲ್ಲಿ ಹಳದಿ ಎಲೆಗಳ ರಾಶಿ. ಆಗ ಕೈ ನೇರವಾಗಿ ಮದ್ದಿನ ಡಬ್ಬಿಗೆ ಹೋಗುತ್ತದೆ. ಯಾವ ರೋಗವೆಂದು ತಿಳಿಯದೆ ಹೊಡೆದ ಮದ್ದಿನಿಂದ ಗಿಡಕ್ಕೆ ಎರಡನೆಯ ಪೆಟ್ಟು ಬೀಳುವುದನ್ನು ನಾನು ನನ್ನ ಅಂಗಳದಲ್ಲೇ ಕಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಶಿಲೀಂಧ್ರದ ಬೀಜಾಣುಗಳು ಹಳೆಯ ಎಲೆಯಲ್ಲಿ, ಕಡ್ಡಿಯ ಗಾಯದಲ್ಲಿ, ಪಕ್ಕದ ಮನೆಯ ಗಿಡದಲ್ಲಿ ಇದ್ದೇ ಇರುತ್ತವೆ. ಅವನ್ನು ಊರು ಬಿಡಿಸಲು ಯಾರಿಂದಲೂ ಆಗದು. ನಮ್ಮ ಕೈಯಲ್ಲಿರುವುದು ಒಂದೇ, ಎಲೆಯ ಮೇಲೆ ನೀರು ಎಷ್ಟು ತಾಸು ನಿಲ್ಲುತ್ತದೆ ಎಂಬ ಲೆಕ್ಕ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆ ನಿಂತ ಮೇಲೂ ಮಂಜು, ಇಬ್ಬನಿ. ಹೀಗಾಗಿ ಬಯಲುಸೀಮೆಯವರಿಗೆ ಹೇಳಿದ ಗುಲಾಬಿ ಪಾಠ ನಮಗೆ ಅರ್ಧಕ್ಕರ್ಧ ಹೊಂದುವುದಿಲ್ಲ.

ಮೊದಲ ಐದು ನಿಮಿಷ: ಖರ್ಚಿಲ್ಲದ ತಪಾಸಣೆ

ಗಿಡದ ಬುಡದಲ್ಲಿ ಕುಳಿತುಕೊಳ್ಳಿ. ನಿಂತು ನೋಡಿದರೆ ಕಾಣುವುದು ಮೇಲಿನ ಎಲೆ, ನಮ್ಮಲ್ಲಿ ಹೆಚ್ಚಿನ ಕಾಯಿಲೆ ಶುರುವಾಗುವುದು ನೆಲದಿಂದ ಒಂದು ಗೇಣಿನೊಳಗೆ.

ಮೊದಲು, ಕೆಟ್ಟಿರುವುದು ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆಯೋ, ತುದಿಯ ಎಳೆ ಎಲೆಯೋ? ಕೆಳಗಿನಿಂದ ಮೇಲಕ್ಕೆ ಏರುತ್ತಿದ್ದರೆ ಕಪ್ಪು ಚುಕ್ಕೆ ರೋಗದ ಕಡೆಗೆ ಅನುಮಾನ ಹೋಗಬೇಕು. ತುದಿಯಿಂದ ಶುರುವಾಗಿದ್ದರೆ ಬೂದಿ ರೋಗ, ಬೂಜು ತುಪ್ಪಟ ರೋಗ ಅಥವಾ ಕೀಟ.

ಆಮೇಲೆ ಎಲೆಯನ್ನು ಮಗುಚಿ. ಗುಲಾಬಿಯ ಅರ್ಧ ಸುಳಿವು ಎಲೆಯ ಬೆನ್ನಿನಲ್ಲಿರುತ್ತದೆ. ಕಿತ್ತಳೆ ಪುಡಿ, ಬೂದು ತುಪ್ಪಟ, ಜೇಡನ ಬಲೆಯಂಥ ನೂಲು ಎಲ್ಲವೂ ಅಲ್ಲೇ ಅಡಗಿರುತ್ತವೆ.

ಕೊನೆಗೆ ಒದ್ದೆ ಬಿಳಿ ಬಟ್ಟೆಯಿಂದ ಚುಕ್ಕೆಯನ್ನು ಒರೆಸಿ. ಒರೆಸಿದಾಗ ಕಪ್ಪು ಬಟ್ಟೆಗೆ ಬಂದು ಎಲೆ ಹಸಿರಾಗಿ ಕಂಡರೆ ಅದು ಎಲೆಯ ರೋಗವಲ್ಲ. ಸಸ್ಯಹೇನು, ಹಿಟ್ಟು ತಿಗಣೆಗಳು ಹೊರಬಿಡುವ ಸಿಹಿ ಅಂಟಿನ ಮೇಲೆ ಬೆಳೆದ ಮಸಿ ಬೂಜು ಅದು. ಕೀಟಗಳನ್ನು ಸಾಬೂನು ನೀರಿನಿಂದ ತೊಳೆದರೆ ಮಸಿಯೂ ಹೋಗುತ್ತದೆ. ಬಟ್ಟೆಗೆ ಏನೂ ಅಂಟದೆ ಚುಕ್ಕೆ ಎಲೆಯ ಒಳಗೇ ಉಳಿದರೆ ಮುಂದೆ ಓದಿ.

ಕೆಳಗಿನ ಎಲೆಯಲ್ಲಿ ಕಪ್ಪು ಚುಕ್ಕೆ, ಸುತ್ತ ಹಳದಿ, ಮುಟ್ಟಿದರೆ ಉದುರುವುದು

ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಗುಲಾಬಿಯ ಮುಖ್ಯ ಶತ್ರು ಇದು, ಕಪ್ಪು ಚುಕ್ಕೆ ರೋಗ. ಇದನ್ನು ತರುವ ಶಿಲೀಂಧ್ರದ ಹೆಸರು ಡಿಪ್ಲೊಕಾರ್ಪನ್ ರೋಸೇ, ಇದು ಬಾಧಿಸುವುದು ಗುಲಾಬಿ ಕುಲವನ್ನು ಮಾತ್ರ. ಪಕ್ಕದ ದಾಸವಾಳಕ್ಕೋ ಮಲ್ಲಿಗೆಗೋ ಇಲ್ಲಿಂದ ಹರಡೀತೆಂಬ ಭಯ ಬೇಡ.

ಒಂದು ಎಲೆ ಕಿತ್ತು ಬೆಳಗಿನ ಬೆಳಕಿಗೆ ಹಿಡಿಯಿರಿ. ಚುಕ್ಕೆಯ ಅಂಚು ಬಳೆಯಂತೆ ಚೊಕ್ಕವಾಗಿರುವುದಿಲ್ಲ. ಬಿಳಿ ಪಂಚೆಗೆ ಅಡಿಕೆಯ ತೊಗರು ಬಿದ್ದರೆ ಅದು ನೂಲಿನ ಎಳೆ ಹಿಡಿದು ಹೇಗೆ ಹರಡುತ್ತದೆಯೋ ಹಾಗೆ ಅಂಚಿನ ಸುತ್ತ ಸಣ್ಣ ಸಣ್ಣ ಎಳೆಗಳು ಹೊರಚಾಚಿರುತ್ತವೆ. ಸಾಸಿವೆ ಕಾಳಿನಷ್ಟಿದ್ದ ಚುಕ್ಕೆ 10–12 ಮಿಲಿಮೀಟರಿನವರೆಗೂ ಬೆಳೆಯುತ್ತದೆ. ಭೂತಗನ್ನಡಿ ಇದ್ದರೆ ಚುಕ್ಕೆಯ ನಡುವೆ ಕಪ್ಪು ಗುಳ್ಳೆಗಳೂ ಕಾಣುತ್ತವೆ. ಅವು ಬೀಜಾಣುಗಳ ಗೂಡುಗಳು. ಮಳೆಹನಿ ಅವುಗಳ ಮೇಲೆ ಬಿದ್ದು ಸಿಡಿದಾಗ ಬೀಜಾಣು ಮೇಲಿನ ಎಲೆಗೆ ಹಾರುತ್ತದೆ. ರೋಗ ಮೆಟ್ಟಿಲು ಹತ್ತಿದಂತೆ ಕೆಳಗಿನಿಂದ ಮೇಲೇರುವುದು ಇದೇ ಕಾರಣಕ್ಕೆ.

ಎಲೆಗೆ ಬಿದ್ದ ಮಾತ್ರಕ್ಕೆ ಬೀಜಾಣು ಒಳಹೊಗಲಾರದು. ಎಲೆ ಸುಮಾರು 7 ತಾಸು ಒಂದೇ ಸಮನೆ ಒದ್ದೆಯಾಗಿದ್ದರೆ ಮಾತ್ರ ಅದು ಮೊಳೆತು ಎಲೆಯ ಚರ್ಮ ತೂರುತ್ತದೆ. ನಾಲ್ಕು ತಾಸಿನಲ್ಲಿ ಎಲೆ ಒಣಗಿತೆಂದರೆ ಆ ಸುತ್ತಿನಲ್ಲಿ ಗಿಡ ಪಾರಾಯಿತು. ಈ ಒಂದು ಸಂಗತಿ ತಿಳಿದ ಮೇಲೆ ನನ್ನ ಆರೈಕೆಯ ಕ್ರಮವೇ ಬದಲಾಯಿತು.

ಸಂಜೆ 6ಕ್ಕೆ ಪೈಪ್ ಹಿಡಿದು ಗಿಡದ ತಲೆಯ ಮೇಲೆ ನೀರು ಬಿಟ್ಟರೆ ಆ ಎಲೆ ಒಣಗುವುದು ಮರುದಿನ ಬೆಳಿಗ್ಗೆ 8ಕ್ಕೆ. 14 ತಾಸು ಒದ್ದೆ, ರೋಗಕ್ಕೆ ಬೇಕಾದ ಎರಡರಷ್ಟು. ಅದೇ ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕಿದರೆ ಎಲೆಗೆ ಹನಿಯೂ ತಾಗುವುದಿಲ್ಲ. ಇದಕ್ಕೆ ಕಾಸು ಖರ್ಚಿಲ್ಲ. ಮೊದಲ ತಿದ್ದುಪಡಿ ಇದೇ ಆಗಲಿ.

ಮಳೆಗಾಲದಲ್ಲಿ ಈ ಲೆಕ್ಕ ನಮ್ಮ ಕೈ ಮೀರುತ್ತದೆ. ಆಗ ಎರಡನೆಯ ಉಪಾಯ, ಕುಂಡಗಳನ್ನು ಜಾಗ ಬದಲಿಸುವುದು. ಮೃಗಶಿರಾ ಮಳೆಗೆ ಮೊದಲೇ ಕುಂಡಗಳನ್ನು ಮಾಡಿನ ಅಂಚಿನೊಳಗೆ ತನ್ನಿ. ಮೇಲೆ ಮಳೆ ಬೀಳಬಾರದು, ಪಕ್ಕದಿಂದ ಬೆಳಕು ಗಾಳಿ ಬರಬೇಕು. ಪೂರ್ವದ ಜಗಲಿ ಎಲ್ಲಕ್ಕಿಂತ ಒಳ್ಳೆಯದು. ಮಾಡಿನಿಂದ ನೀರು ಧಾರೆಗಟ್ಟಿ ಬೀಳುವ ಗೆರೆಯ ಮೇಲೆ ಮಾತ್ರ ಇಡಬೇಡಿ, ಅಲ್ಲಿ ಮಣ್ಣು ಸಿಡಿಯುವುದು ಅಂಗಳದ ನಡುವಿಗಿಂತ ಹೆಚ್ಚು. ನೆಲದಲ್ಲಿ ನೆಟ್ಟ ಗಿಡಕ್ಕೆ ನಾಲ್ಕು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹುಗಿದು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಇಳಿಜಾರಾಗಿ ಕಟ್ಟಿದರೆ ಸಾಕು. ನಾಲ್ಕೂ ಬದಿ ತೆರೆದಿರಲಿ. ಮುಚ್ಚಿದ ಗೂಡಿನೊಳಗೆ ಆವಿ ನಿಂತು ಬೇರೆಯೇ ರೋಗ ಬರುತ್ತದೆ.

ಮೂರನೆಯದು ಸ್ವಚ್ಛತೆ. ಚುಕ್ಕೆ ಬಿದ್ದ ಎಲೆಗಳನ್ನು, ಉದುರಿದವನ್ನೂ ಸೇರಿಸಿ, ಎರಡು ದಿನಕ್ಕೊಮ್ಮೆ ಆರಿಸಿ ತೆಗೆಯಿರಿ. ಗಿಡ ಒದ್ದೆಯಿರುವಾಗ ಬೇಡ. ಕೈಯಿಂದಲೇ ಬೀಜಾಣು ಹರಡುತ್ತದೆ. ತೆಗೆದ ಎಲೆಯನ್ನು ಗೊಬ್ಬರ ಗುಂಡಿಗೆ ಹಾಕಬೇಡಿ, ಅಲ್ಲಿ ಸಾಯದೆ ಉಳಿದ ಶಿಲೀಂಧ್ರ ಗೊಬ್ಬರದ ಜೊತೆ ಬುಡಕ್ಕೇ ವಾಪಸಾಗುತ್ತದೆ. ನಮ್ಮ ಮನೆಗಳಲ್ಲಿ ಬಚ್ಚಲ ಒಲೆ ದಿನಾ ಉರಿಯುತ್ತದೆ, ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮದ್ದು ಹೊಡೆದ ಎಲೆಯಾದರೆ ಸುಡದೆ ಬಾವಿಯಿಂದ ದೂರ ಹುಗಿಯಿರಿ. ನೆಲದಿಂದ ಒಂದು ಗೇಣಿನೊಳಗಿನ ಎಲೆಗಳನ್ನು ಚುಕ್ಕೆ ಇಲ್ಲದಿದ್ದರೂ ನಾನು ಜೂನ್ ಆರಂಭದಲ್ಲೇ ತೆಗೆದುಬಿಡುತ್ತೇನೆ. ಆಮೇಲೆ ಬುಡಕ್ಕೆ ಎರಡು ಬೆರಳು ದಪ್ಪ ತೆಂಗಿನ ನಾರನ್ನೋ ಬೆಟ್ಟದ ದರಕನ್ನೋ (ಒಣಗಿ ಉದುರಿದ ಎಲೆ) ಹಾಸುತ್ತೇನೆ. ಮಣ್ಣು ಸಿಡಿಯುವುದು ನಿಲ್ಲುತ್ತದೆ. ಕಾಂಡಕ್ಕೆ ತಾಗಿಸಿ ಹಾಸಬಾರದು, ನಾಲ್ಕು ಬೆರಳು ಬಿಟ್ಟಿರಲಿ.

ಇಷ್ಟಾದ ಮೇಲೂ ಹೊಸ ಎಲೆಯಲ್ಲಿ ಚುಕ್ಕೆ ಬಂದರೆ ಮದ್ದಿನ ಸರದಿ. ಮ್ಯಾಂಕೋಜೆಬ್ ಪುಡಿ ಲೀಟರ್ ನೀರಿಗೆ 2 ಗ್ರಾಂ, ಜೊತೆಗೆ ಮದ್ದು ಎಲೆಗೆ ಹಿಡಿದುಕೊಳ್ಳಲು ಒಂದಿಷ್ಟು ಅಂಟುದ್ರಾವಣ. ಎಲೆಯ ಬೆನ್ನಿಗೂ ತಾಗುವಂತೆ ಹೊಡೆಯಬೇಕು. 7ರಿಂದ 10 ದಿನಕ್ಕೊಮ್ಮೆ ಸಾಕು, ಆದರೆ ಹೊಡೆದು ಒಣಗುವ ಮೊದಲೇ ಮಳೆ ತೊಳೆದರೆ ಆ ಸುತ್ತು ವ್ಯರ್ಥ. ಮಳೆ ಬಿಡುವು ಕೊಟ್ಟ ಬೆಳಗನ್ನು ಕಾಯಿರಿ. ಒಂದೇ ಮದ್ದನ್ನು ಇಡೀ ಮಳೆಗಾಲ ಹೊಡೆಯಬೇಡಿ. ಎಲೆಯ ಒಳಗೆ ಇಳಿಯುವ ಹೆಕ್ಸಾಕೊನಜೋಲ್‌ನಂಥದ್ದನ್ನು, ಲೀಟರಿಗೆ 1 ಮಿಲಿಲೀಟರ್‌ನಂತೆ, ನಡುವೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬಳಸಿ. ಅದನ್ನೇ ಪದೇ ಪದೇ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಪ್ರಮಾಣ ನಾನು ಹೇಳಿದ್ದಕ್ಕಿಂತ ಬೇರೆ ಇದ್ದರೆ ಡಬ್ಬಿಯದ್ದನ್ನೇ ನಂಬಿ.

ಚುಕ್ಕೆ ಬಿದ್ದ ಎಲೆ ಯಾವ ಮದ್ದಿಗೂ ಮತ್ತೆ ಹಸಿರಾಗುವುದಿಲ್ಲ. ಅನೇಕರು ಇದನ್ನರಿಯದೆ "ಮದ್ದು ಹಿಡಿಯಲಿಲ್ಲ" ಎಂದು ಮೂರನೆಯ ದಿನವೇ ಇನ್ನೊಂದನ್ನು ಸುರಿಯುತ್ತಾರೆ. ಮದ್ದು ಕಾಯುವುದು ಹಸನಾಗಿರುವ ಎಲೆಯನ್ನು. ನಾನು ಮಾಡುವುದು ಹೀಗೆ: ಮದ್ದು ಹೊಡೆದ ದಿನ, ಚುಕ್ಕೆಯಿಲ್ಲದ ಎಲೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಯಾವುದೋ ಅದರ ತೊಟ್ಟಿನ ಹತ್ತಿರ ಕಡ್ಡಿಗೆ ಬಿಳಿ ನೂಲು ಕಟ್ಟುತ್ತೇನೆ. ಬೀಜಾಣು ಒಳಹೊಕ್ಕು ಚುಕ್ಕೆ ಕಾಣಲು ಮೂರು ದಿನದಿಂದ ಎರಡು ವಾರದವರೆಗೂ ಬೇಕು. ಹಾಗಾಗಿ ಮೊದಲ ವಾರ ಒಂದೆರಡು ಚುಕ್ಕೆ ಕಂಡರೂ ಗಾಬರಿಯಿಲ್ಲ, ಅವು ಹಿಂದಿನ ಸೋಂಕು. ಎರಡು ವಾರದ ಮೇಲೆ ನೂಲಿನಿಂದ ಮೇಲಕ್ಕೆ ಬಂದ ಹೊಸ ಎಲೆಗಳು ಚೊಕ್ಕವಾಗಿದ್ದರೆ ಮದ್ದು ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಎಳೆ ಎಲೆ ಸುರುಟಿ, ಮೊಗ್ಗಿನ ಕತ್ತಿಗೆ ಬಿಳಿ ಹಿಟ್ಟು

ನನ್ನ ತಂಗಿಯ ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರದ ಗಾಳಿ ನೇರವಾಗಿ ಬರುವ ಜಾಗ. ಒಂದು ಜನವರಿಯಲ್ಲಿ ಫೋನ್ ಮಾಡಿ, "ಅಣ್ಣಾ, ಉಪ್ಪಿನ ಗಾಳಿಗೆ ಗುಲಾಬಿ ಚಿಗುರೆಲ್ಲ ಬೆಳ್ಳಗಾಗಿದೆ, ಏನು ಮಾಡಲಿ?" ಎಂದಳು. ಉಪ್ಪಿನ ಗಾಳಿಯ ಹಾನಿ ಬಿಳಿಯಾಗಿರುವುದಿಲ್ಲ. ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತಾಗುತ್ತದೆ, ಅದೂ ಕಡಲಿಗೆ ಮುಖ ಮಾಡಿದ ಬದಿಯಲ್ಲಿ. ಅವಳ ಗಿಡದಲ್ಲಿ ಇದ್ದದ್ದು ಬೂದಿ ರೋಗ.

ಗುರುತು ಸುಲಭ. ಎಳೆ ಎಲೆ ಮೇಲ್ಮುಖವಾಗಿ ಸುರುಟುತ್ತದೆ, ಕೆಲವೊಮ್ಮೆ ನಸುಗೆಂಪಾಗುತ್ತದೆ, ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ. ಮೊಗ್ಗಿನ ಕೆಳಗಿನ ತೊಟ್ಟಿನಲ್ಲಿ ದಪ್ಪಗೆ ಕೂತಿರುತ್ತದೆ. ಅಂಥ ಮೊಗ್ಗು ಅರಳಿದರೂ ಸೊಟ್ಟಗೇ ಅರಳುತ್ತದೆ.

ಈ ಶಿಲೀಂಧ್ರದ ಸ್ವಭಾವ ಹಿಂದಿನದಕ್ಕೆ ತದ್ವಿರುದ್ಧ. ಇದಕ್ಕೆ ಎಲೆಯ ಮೇಲೆ ನೀರು ಬೇಡ, ನೀರಿನಲ್ಲಿ ಇದರ ಬೀಜಾಣು ಸರಿಯಾಗಿ ಮೊಳೆಯುವುದೂ ಇಲ್ಲ. ತಂಪಾದ ತೇವದ ರಾತ್ರಿ, ಒಣ ಬೆಚ್ಚನೆಯ ಹಗಲು ಇದಕ್ಕೆ ಹಬ್ಬ. ಆದ್ದರಿಂದಲೇ ಜಡಿಮಳೆಯಲ್ಲಿ ಅಪರೂಪವಾಗಿದ್ದು ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಣಿಸಿಕೊಳ್ಳುತ್ತದೆ.

ಮೊದಲ ಚಿಕಿತ್ಸೆ ನೀರೇ. ಬೆಳಿಗ್ಗೆ 8ರ ಹೊತ್ತಿಗೆ, ಬಿಸಿಲು ಏರುವ ಮೊದಲು, ಚಿಗುರನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಹತ್ತಕ್ಕೆ ಒಣಗಿರಬೇಕು; ಸಂಜೆ ತೊಳೆದರೆ ಬೂದಿ ರೋಗ ಹೋಗಿ ಕಪ್ಪು ಚುಕ್ಕೆ ಬರುತ್ತದೆ. ತೀರಾ ಕೆಟ್ಟ ತುದಿಗಳನ್ನು ಚಿವುಟಿ ತೆಗೆಯಿರಿ. ಒತ್ತೊತ್ತಾದ ಕಡ್ಡಿಗಳನ್ನು ನಡುವಿನಿಂದ ಬಿಡಿಸಿ ಗಾಳಿಯಾಡಲು ದಾರಿ ಮಾಡಿ. ಯೂರಿಯಾ ಅಥವಾ ಹಸಿ ಗೋಮೂತ್ರ ಹಾಕುತ್ತಿದ್ದರೆ ನಿಲ್ಲಿಸಿ. ತಂಗಿಯನ್ನು ವಿಚಾರಿಸಿದಾಗ ವಾರಕ್ಕೊಮ್ಮೆ ಯೂರಿಯಾ ಹಾಕುತ್ತಿದ್ದಳು. ಅದರಿಂದ ಬರುವ ಮೆತ್ತನೆಯ ನೀರುಚಿಗುರೇ ಈ ರೋಗಕ್ಕೆ ಇಷ್ಟದ ಊಟ.

ಇದಕ್ಕೂ ಮಣಿಯದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ತಾಪಮಾನ 30 ಡಿಗ್ರಿ ದಾಟುವ ಹಗಲಿನಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಕರಾವಳಿಯಲ್ಲಿ ಚಳಿಗಾಲದ ಮಧ್ಯಾಹ್ನವೂ ಅಷ್ಟು ಬಿಸಿ ಇರುವುದುಂಟು, ಹಾಗಾಗಿ ಬೆಳಿಗ್ಗೆ ಬೇಗ ಹೊಡೆಯಿರಿ, ಫೆಬ್ರವರಿ ದಾಟಿದ ಮೇಲೆ ಕಾರವಾರ, ಅಂಕೋಲಾ, ಕುಮಟಾದವರು ಗಂಧಕವನ್ನು ಬಿಟ್ಟೇಬಿಡಿ. ಬೇವಿನೆಣ್ಣೆ ಹೊಡೆದು ಎರಡು ವಾರದೊಳಗೆ ಗಂಧಕ ಹೊಡೆಯಬಾರದು. ಎರಡೂ ಸೇರಿದರೆ ಎಲೆ ಕಮರುತ್ತದೆ.

ನಾಲ್ಕೇ ದಿನದಲ್ಲಿ ನೇರಳೆ ಕಲೆ, ಹಸಿರಿರುವಾಗಲೇ ಎಲೆ ಉದುರುವುದು

ಇಲ್ಲಿ ಎರಡು ಕಾರಣಗಳು ಒಂದನ್ನೊಂದು ಹೋಲುತ್ತವೆ. ಎರಡಕ್ಕೂ ಮಾಡಬೇಕಾದದ್ದು ಒಂದಕ್ಕೊಂದು ವಿರುದ್ಧ. ನಾನು ಎಡವಿದ್ದು ಇಲ್ಲೇ.

ಒಂದು ವರ್ಷ ಪುನರ್ವಸು ಮಳೆ ಎರಡು ದಿನ ಬಿಡುವು ಕೊಟ್ಟಾಗ ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಅಡಿಕೆಗೆ ಕೊಳೆರೋಗದ ಮದ್ದು ಹೊಡೆದು ಹೋದ. ಡ್ರಮ್ಮಿನ ತಳದಲ್ಲಿ ಅರ್ಧ ಕೊಡದಷ್ಟು ಆ ಮದ್ದು, ಅಂದರೆ ತಾಮ್ರದ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣ, ಉಳಿದಿತ್ತು. ಚೆಲ್ಲುವುದೇಕೆ ಎಂದು ಕಪ್ಪು ಚುಕ್ಕೆ ಹಿಡಿದಿದ್ದ ಆರು ಗುಲಾಬಿ ಗಿಡಗಳಿಗೆ ಹೊಡೆದೆ. ಮತ್ತೆ ಮೋಡ, ಚಳಿ, ಜಿನುಗು ಮಳೆ. ನಾಲ್ಕನೆಯ ದಿನ ನೋಡಿದರೆ ತುದಿಯ ಎಲೆಗಳಲ್ಲೂ ಕೆಂಪು ನೇರಳೆ ಚುಕ್ಕೆಗಳು, ಹಸಿರೆಲೆಗಳೇ ಕೆಳಗೆ. ರೋಗ ಜೋರಾಯಿತೆಂದು ತಿಳಿದು ಇನ್ನೊಮ್ಮೆ ಹೊಡೆದೆ. ಆರರಲ್ಲಿ ಎರಡು ಗಿಡ ಆಮೇಲೆ ಚಿಗುರಲೇ ಇಲ್ಲ. ಅದರಲ್ಲಿ ಒಂದು ಅಮ್ಮ ನೆಟ್ಟ ಪನ್ನೀರು ಗುಲಾಬಿ.

ಗುಲಾಬಿಯ ಎಲೆಗೆ ತಾಮ್ರ ಸುಲಭವಾಗಿ ಸಹಿಸುವ ವಸ್ತುವಲ್ಲ. ತಂಪಾದ ಒದ್ದೆ ವಾತಾವರಣದಲ್ಲಿ, ಎಲೆ ಬೇಗ ಒಣಗದಿದ್ದಾಗ, ತಾಮ್ರ ಕರಗಿ ಎಲೆಯೊಳಗೆ ಇಳಿದು ಜೀವಕೋಶಗಳನ್ನು ಸುಡುತ್ತದೆ. ಅಡಿಕೆಗೆ ಹೊಡೆಯುವ 1 ಪ್ರತಿಶತದ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ, ಮಳೆಗಾಲದ ಗುಲಾಬಿಗೆ ಬೇಡವೇ ಬೇಡ.

ಇನ್ನೊಂದು ಕಾರಣ ನಿಜವಾದ ರೋಗ, ಬೂಜು ತುಪ್ಪಟ ರೋಗ. ಇದನ್ನು ತರುವ ಪೆರೊನೊಸ್ಪೊರಾ ಸ್ಪಾರ್ಸಾ ಹೆಸರಿಗೆ ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅಡಿಕೆಯ ಕೊಳೆರೋಗ ತರುವ ಫೈಟೊಫ್ಥೊರಾ ಇದರ ದಾಯಾದಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ಸಿಂಪರಣೆಯ ದಾರಿ ತೋರಿಸಿದವರು. ಆ ಕೊಳೆಯ ನಂಟಿನ ಜೀವಿಯೇ ಇಲ್ಲಿಯೂ ಇದೆ ಎಂದು ತಿಳಿದರೆ, ಇದು ಎಷ್ಟು ವೇಗವಾಗಿ ಹಬ್ಬುತ್ತದೆ ಎಂದು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಜವಾದ ಶಿಲೀಂಧ್ರಗಳಿಗಾಗಿ ಮಾಡಿದ ಕಾರ್ಬೆಂಡಜಿಮ್‌ನಂಥ ಮದ್ದು ಇದಕ್ಕೆ ತಾಗುವುದೇ ಇಲ್ಲ.

ಎರಡನ್ನೂ ಬೇರ್ಪಡಿಸುವುದು ಹೀಗೆ. ಕಳೆದ ಹತ್ತು ದಿನದಲ್ಲಿ ತಾಮ್ರದ ಮದ್ದು ಹೊಡೆದಿದ್ದೀರಾ ಎಂಬುದು ಮೊದಲ ಪ್ರಶ್ನೆ. ಹೊಡೆದಿದ್ದು, ಹನಿ ನಿಂತ ಜಾಗಗಳಲ್ಲೇ ಚುಕ್ಕೆಯಿದ್ದು, ಎಲ್ಲ ಗಿಡಗಳಲ್ಲೂ ಒಂದೇ ದಿನ ಕಂಡಿದ್ದರೆ ಅದು ಮದ್ದಿನ ಸುಡುವಿಕೆ. ಬೂಜು ತುಪ್ಪಟದ ಕಲೆ ಎಲೆಯ ನರಗಳ ನಡುವೆ ಸಿಕ್ಕಿಕೊಂಡು ಕೋನಕೋನವಾಗಿರುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಅನುಮಾನ ಉಳಿದರೆ ಮುಚ್ಚಳವಿರುವ ಡಬ್ಬಿಯೊಳಗೆ ಒದ್ದೆ ಹತ್ತಿಯಿಟ್ಟು, ಕಲೆಯಿರುವ ಎರಡು ಎಲೆಗಳನ್ನು ಮಗುಚಿ ಹಾಕಿ ರಾತ್ರಿಯಿಡೀ ತಂಪಾದ ಜಾಗದಲ್ಲಿಡಿ. ಬೆಳಿಗ್ಗೆ ಎಲೆಯ ಬೆನ್ನಿನ ಕಲೆಗಳ ಮೇಲೆ ಬೂದು ತುಪ್ಪಟ ಎದ್ದಿದ್ದರೆ ರೋಗವೇ. ಏಳದಿದ್ದರೆ ಇನ್ನೂ ಒಂದು ರಾತ್ರಿ ನೋಡಿ.

ಮದ್ದಿನಿಂದ ಸುಟ್ಟಿದ್ದರೆ ಏನನ್ನೂ ಹೊಡೆಯದೆ ಗಿಡವನ್ನು ಬಿಡಿ, ಮಾಡಿನಡಿಗೆ ತನ್ನಿ, ಹೊಸ ಚಿಗುರು ಬರುವವರೆಗೆ ಗೊಬ್ಬರವೂ ಬೇಡ. ಬೂಜು ತುಪ್ಪಟವಾದರೆ ಕಾಯಬಾರದು. ರೋಗದ ಕಡ್ಡಿಗಳನ್ನು ಕತ್ತರಿಸಿ, ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿರುವ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಹೊಡೆಯಿರಿ. ಉಳಿದ ಗಿಡಗಳ ನಡುವೆ ಗಾಳಿಯಾಡುವಂತೆ ಅಂತರ ಹೆಚ್ಚಿಸಿ.

ಬೋರ್ಡೋ ಬಿಟ್ಟು ಬೇರೇನೂ ಬಳಸಲಾರೆ ಎನ್ನುವವರಿಗೆ: 10 ಲೀಟರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಣ್ಣ ಸಾಕು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಬಿಡಿ ತಾಮ್ರ ಉಳಿದಿದೆ, ಲೇಪ ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಅದೇ ದಿನ, ಬಿಸಿಲಿರುವ ಬೆಳಿಗ್ಗೆ ಮಾತ್ರ ಬಳಸಿ. ಒಂದು ಕಡ್ಡಿಗೆ ಹೊಡೆದು ನಾಲ್ಕು ದಿನ ಕಾದು, ಆಮೇಲೆ ಗಿಡಕ್ಕೆ.

ಕಿತ್ತಳೆ ಪುಡಿ, ಬೂದು ಕಣ್ಣಿನ ಚುಕ್ಕೆ

ಎಲೆಯ ಬೆನ್ನಿನಲ್ಲಿ ಕಿತ್ತಳೆ ಬಣ್ಣದ ಗುಳ್ಳೆಗಳಿದ್ದು, ಬೆರಳಿಗೆ ಅರಿಶಿನದಂತೆ ಪುಡಿ ಅಂಟಿದರೆ ತುಕ್ಕು ರೋಗ. ಆ ಎಲೆಗಳನ್ನು ತೆಗೆದು ಮ್ಯಾಂಕೋಜೆಬ್ ಹೊಡೆದರೆ ಹತೋಟಿಗೆ ಬರುತ್ತದೆ.

ಚುಕ್ಕೆ ಸಣ್ಣದಾಗಿ ದುಂಡಗಿದ್ದು, ಅಂಚು ಕಡುನೇರಳೆ, ನಡುವೆ ಬೂದು ಬಣ್ಣದ ಕಣ್ಣು ಇದ್ದರೆ ಅದು ಸರ್ಕೊಸ್ಪೊರಾ ಎಲೆಚುಕ್ಕೆ. ಅಂಚಿನಲ್ಲಿ ಎಳೆಗಳಿರುವುದಿಲ್ಲ ಎಂಬುದೇ ಕಪ್ಪು ಚುಕ್ಕೆಗೂ ಇದಕ್ಕೂ ವ್ಯತ್ಯಾಸ. ಆರೈಕೆ ಕಪ್ಪು ಚುಕ್ಕೆಯದ್ದೇ, ಬೇರೆ ಏನೂ ಬೇಕಿಲ್ಲ.

ಹಳದಿ ಇದೆ, ಚುಕ್ಕೆಯಿಲ್ಲ

ಇದಕ್ಕೆ ಶಿಲೀಂಧ್ರದ ಮದ್ದು ಬೇಡ. ಕೆಳಗಿನ ಎಲೆ ಪೂರ್ತಿ ಮಾಸಲು ಹಳದಿಯಾಗಿದ್ದರೆ ಮೊದಲು ಕುಂಡದ ತಳ ನೋಡಿ. ಮಳೆಗಾಲದಲ್ಲಿ ತೂತು ಮಣ್ಣಿನಿಂದ ಕಟ್ಟಿಕೊಂಡು ಬೇರು ನೀರಿನಲ್ಲಿ ನಿಂತಿರುತ್ತದೆ. ಕಡ್ಡಿ ತೂರಿಸಿದರೆ ನೀರು ಬುಳಕ್ಕನೆ ಹೊರಬರುತ್ತದೆ. ನೀರಿಗೆ ಹುಳಿವಾಸನೆ ಇದ್ದರೆ ಬೇರು ಕೊಳೆಯುತ್ತಿದೆ. ಗಿಡವನ್ನು ಕಿತ್ತು ಕಪ್ಪಾದ ಬೇರು ಕತ್ತರಿಸಿ ಮರಳು ಬೆರೆಸಿದ ಮಣ್ಣಿಗೆ ಬದಲಿಸಿ. ನರಗಳು ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾಗಿದ್ದರೆ, ಅದೂ ಹಳೆಯ ಎಲೆಯಲ್ಲಿ, ಮೆಗ್ನೀಷಿಯಂ ಕೊರತೆ. ನಮ್ಮ ಜಂಬಿಟ್ಟಿಗೆ ಮಣ್ಣಿನಿಂದ ಮಳೆ ಅದನ್ನು ತೊಳೆದೊಯ್ಯುತ್ತದೆ.

ಬೇಸಿಗೆಯಲ್ಲಿ ಎಲೆಯ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕಿಗಳಿದ್ದರೆ ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿ. ಬಿದ್ದ ಧೂಳಿನ ಕಣ ನಡೆದಾಡಿದರೆ ಅದು ಕೆಂಪು ನುಸಿ. ಎಲೆಯ ಬೆನ್ನಿಗೆ ರಭಸದಿಂದ ನೀರು ಹೊಡೆಯಿರಿ, ಬೆಳಿಗ್ಗೆಯೇ.

ಸವರಿದ ತುದಿಯಿಂದ ಕಪ್ಪು ಕೆಳಗಿಳಿಯುವುದು

ಎಲೆಯ ರೋಗವೆಂದು ಅನೇಕರು ತರುವ ಗಿಡದಲ್ಲಿ ನಿಜವಾಗಿ ಕೆಟ್ಟಿರುವುದು ಕಡ್ಡಿ. ಕತ್ತರಿಸಿದ ತುದಿಯಿಂದ ಕಂದುಗಪ್ಪು ಬಣ್ಣ ದಿನಕ್ಕಿಷ್ಟು ಇಳಿಯುತ್ತದೆ, ಎಲೆ ಅದರ ಹಿಂದೆಯೇ ಬಾಡುತ್ತದೆ. ಇದು ತುದಿ ಒಣಗುವ ರೋಗ. ಕಪ್ಪಿನಿಂದ ಎರಡು ಅಂಗುಲ ಕೆಳಗೆ, ಒಳತಿರುಳು ಬೆಳ್ಳಗೆ ಕಾಣುವ ತನಕ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿ. ಗಾಯಕ್ಕೆ ಮಾತ್ರ ಹಚ್ಚುವುದರಿಂದ ಎಲೆ ಸುಡುವ ಭಯವಿಲ್ಲ. ಪ್ರತಿ ಗಿಡದ ನಂತರ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಮಳೆ ಸುರಿಯುತ್ತಿರುವಾಗ ದೊಡ್ಡ ಸವರುವಿಕೆ ಬೇಡ. ಅಕ್ಟೋಬರ್‌ನಲ್ಲಿ ಚಿತ್ತಾ ಮಳೆ ತೆಳುವಾದ ಮೇಲೆ ಸವರಿದರೆ ಆರೇಳು ವಾರದಲ್ಲಿ ಹೂ.

ಮದ್ದು ಹೊಡೆಯುವವರ ಮೈಗೆ

ಗುಲಾಬಿ ಮನೆಯ ಹತ್ತಿರದ ಗಿಡ. ಅದರ ಪಕ್ಕ ಬಾವಿಯಿರುತ್ತದೆ, ಮಕ್ಕಳಿರುತ್ತಾರೆ, ಜೇನುಪೆಟ್ಟಿಗೆಯಿರುತ್ತದೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು. ಮನೆ ಗುಲಾಬಿಗೆ ಕೆಂಪು ಹಳದಿ ಡಬ್ಬಿಗಳ ಅಗತ್ಯವಿಲ್ಲ. ತುಂಬುತೋಳು, ಕೈಗವಸು, ಮುಖಗವಸು, ಕನ್ನಡಕ ಬೇಕೇ ಬೇಕು. ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ಮದ್ದನ್ನು ಮುಖಕ್ಕೇ ತರುತ್ತದೆ, ಬೆಳಿಗ್ಗೆ ಜೇನು ಹೊರಡುವ ಮೊದಲು ಹೊಡೆಯಿರಿ. ಪಂಪನ್ನು ಹಳ್ಳದಲ್ಲಿ, ಕೆರೆಯಲ್ಲಿ ತೊಳೆಯಬೇಡಿ. ಅತ್ಯಲ್ಪ ತಾಮ್ರಕ್ಕೂ ಮೀನು ಸಾಯುತ್ತದೆ. ಉಳಿದ ಮದ್ದನ್ನು ಶರಬತ್ತಿನ ಬಾಟಲಿಗೆ ಎಂದಿಗೂ ತುಂಬಬೇಡಿ. ಮದ್ದು ಹೊಡೆದ ಗಿಡದ ಹೂವನ್ನು ಮುಡಿಯಲು, ಗುಲ್ಕಂದಕ್ಕೆ ಬಳಸಬೇಡಿ. ನೈವೇದ್ಯಕ್ಕೂ ಬೇಡ. ಮನೆಯಲ್ಲಿ ತಿನ್ನುವ ಹೂವಿಗೆಂದೇ ಒಂದು ಗಿಡವನ್ನು ಮದ್ದಿಲ್ಲದೆ ಮಾಡಿನಡಿ ಬೆಳೆಸುವುದು ಒಳ್ಳೆಯದು.

ಹೊಡೆಯುವಾಗ ತಲೆಸುತ್ತು, ವಾಕರಿಕೆ, ಕಣ್ಣುರಿ ಬಂದರೆ ಅಲ್ಲಿಗೇ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ. ಮುಳ್ಳು ಚುಚ್ಚಿದ ಜಾಗ ವಾರಗಟ್ಟಲೆ ಮಾಯದೆ ಗಂಟುಗಳು ತೋಳಿನುದ್ದಕ್ಕೂ ಏರತೊಡಗಿದರೆ ವೈದ್ಯರಿಗೆ ತೋರಿಸಿ, ಗುಲಾಬಿ ಮುಳ್ಳು ಚುಚ್ಚಿತ್ತೆಂದು ಹೇಳಿ. ಮುಳ್ಳಿನ ಮೂಲಕ ಮನುಷ್ಯರಿಗೆ ಬರುವ ಶಿಲೀಂಧ್ರದ ಸೋಂಕೂ ಒಂದಿದೆ.

ಎಲ್ಲಿ ನಿಲ್ಲಿಸಿ ಯಾರನ್ನು ಕೇಳಬೇಕು

ಎರಡು ಬಗೆಯ ಮದ್ದು, ಮೂರು ಸುತ್ತು ಆದ ಮೇಲೂ ಹೊಸ ಎಲೆ ಕೆಡುತ್ತಿದ್ದರೆ ನಾಲ್ಕನೆಯ ಸುತ್ತು ಬೇಡ. ಬುಡದ ಬಳಿಯ ಕಾಂಡದಲ್ಲೇ ಕಪ್ಪು ಸುತ್ತಿಕೊಂಡಿದ್ದರೆ, ಬುಡದಲ್ಲಿ ಗಂಟಿನಂಥ ಗೆಡ್ಡೆ ಬೆಳೆದಿದ್ದರೆ, ಎಲೆಯಲ್ಲಿ ಹಾವಿನ ನಡೆಯಂತೆ ಹಳದಿ ಗೆರೆಗಳಿದ್ದರೆ ಅದು ಎಲೆಯ ಶಿಲೀಂಧ್ರದ ವಿಷಯವೇ ಅಲ್ಲ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತಾಲೂಕಿನ ತೋಟಗಾರಿಕೆ ಇಲಾಖೆಗೆ ಮಾದರಿ ಒಯ್ಯಿರಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ, ದಾರಿಯಲ್ಲೇ ಕೊಳೆತು ಯಾರಿಗೂ ಏನೂ ತಿಳಿಯದಂತಾಗುತ್ತದೆ. ಎಲೆಯ ನೀರು ಒರೆಸಿ ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿಡಿ. ಈಗಷ್ಟೇ ಚುಕ್ಕೆ ಮೂಡಿದ ಎಲೆ, ಪೂರ್ತಿ ಕೆಟ್ಟ ಎಲೆ, ಚೊಕ್ಕ ಎಲೆ ಮೂರೂ ಇರಲಿ, ಗೇಣುದ್ದದ ಕಡ್ಡಿಯೊಂದೂ ಇರಲಿ. ಯಾವ ಮದ್ದನ್ನು, ಎಷ್ಟು ಪ್ರಮಾಣದಲ್ಲಿ, ಯಾವ ತಾರೀಕಿಗೆ ಹೊಡೆದಿರಿ ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನೋಡುವವರು ಮೊದಲು ಕೇಳುವುದು ಅದನ್ನೇ.